ತಾಟು ಎತ್ತುವ ಹೊತ್ತು

ರೊಟ್ಟಿ ತಟ್ಟುವಾಗಲೂ ಸುಕನ್ಯಳ ಕಣ್ಣ ಮುಂದೆ ಆ ಪಟ್ಟಿಯೇ ಹಾಯುತ್ತಿತ್ತು. ಬಸ್‌ಸ್ಟ್ಯಾಂಡಿನ ಪರದೆಯ ಕೆಳಗಿನ ಅಂಚಿನಲ್ಲಿ, ರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರ, ಅಲ್ಲಿ ಇರಬಾರದ ಏನೋ ಒಂದು ಮೂಡಿ ಮಾಯವಾಗುತ್ತಿತ್ತು. ಪಕ್ಕದ ಮನೆಯವರು ಒಣಹಾಕಿದ ಸೀರೆಯ ಅಂಚು ಗಾಳಿಗೆ ಕಿಟಕಿಯೊಳಗೆ ಇಣುಕಿ ಹೋದ ಹಾಗೆ. ಅಕ್ಷರವೋ ಬಣ್ಣವೋ ತಿಳಿಯುವ ಮೊದಲೇ ಇಲ್ಲ. ಹಂಚಿನ ಮೇಲಿನ ರೊಟ್ಟಿ ಉಬ್ಬಿ ಒಂದು ಮಗ್ಗುಲಿಗೆ ಕಪ್ಪಾಗತೊಡಗಿದಾಗ ಅತ್ತೆ ಸಂಗವ್ವ ಒಲೆಯ ಆ ಬದಿಯಿಂದ ಕೈ ಚಾಚಿ ಅದನ್ನು ತಿರುವಿ ಹಾಕಿದರು. ಏನೂ ಅನ್ನಲಿಲ್ಲ. ಈ ಮನೆಗೆ ಬಂದು ಆರು ತಿಂಗಳಾದರೂ ಅವರು ಏನೂ ಅಂದದ್ದಿಲ್ಲ. ಸುಕನ್ಯ ಮಡಿಸಿಟ್ಟ ಸೀರೆಯನ್ನು ಬಿಚ್ಚಿ ಇನ್ನೊಮ್ಮೆ ಮಡಿಸುತ್ತಾರೆ, ಅವಳು ಡಬ್ಬಿ ಇಟ್ಟ ಕಡೆಯಿಂದ ತೆಗೆದು ಅದರ ಜಾಗದಲ್ಲಿ ಇಡುತ್ತಾರೆ, ಅಷ್ಟೇ. ಬೈದಿದ್ದರೆ ಎದುರು ಮಾತಾದರೂ ಆಡಬಹುದಿತ್ತು. ಈ ಮೌನದ ತಿದ್ದುಪಡಿಗೆ ಏನು ಉತ್ತರ ಕೊಡುವುದು? ಕೇಶ್ವಾಪುರದ ಈ ಮನೆಯಲ್ಲಿ ಎಲ್ಲಕ್ಕೂ ಒಂದು ಜಾಗವಿತ್ತು. ಉಪ್ಪಿಗೆ, ಸಾಣಿಗೆಗೆ, ಮಾವನ ಕನ್ನಡಕಕ್ಕೆ. ಗರಗದ ಕುರುಬರ ಮನೆಯಿಂದ, ರಜಿಸ್ಟರ್ ಮದುವೆಯಾಗಿ, ಲಿಂಗ ಕಟ್ಟಿದವರ ಈ ಮನೆಗೆ ಬಂದ ತನಗೆ ಯಾವುದು ಜಾಗ ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು. ಅನಿಸಿದ ಕೂಡಲೇ, ಛೇ, ಇವರೆಲ್ಲ ಎಷ್ಟು ಒಳ್ಳೆಯವರು ಎಂದು ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಅವಳು ಕೆಲಸ ಮಾಡುವ ಲಕಮನಹಳ್ಳಿಯ ಶೆಡ್ಡಿನಲ್ಲಿ ಮಾತ್ರ ಆ ಪ್ರಶ್ನೆ ಏಳುತ್ತಿರಲಿಲ್ಲ. ಅಲ್ಲಿ ಎಲ್ಲಿ ಏನು ಕೂಡಬೇಕು ಎಂದು ಹೇಳುವವಳು ಅವಳೇ. ಅರ್ಜುನಪ್ಪನವರ ಆ ಪುಟ್ಟ ಕಂಪನಿ ಬಸ್‌ಸ್ಟ್ಯಾಂಡಿಗೆಂದು ಒಂದು ಬಣ್ಣದ ಪರದೆ ಕಟ್ಟಿತ್ತು. ಯಾವ ಊರಿನ ಬಸ್ಸು, ಯಾವ ಪ್ಲಾಟ್‌ಫಾರ್ಮಿಗೆ, ಎಷ್ಟು ಹೊತ್ತಿಗೆ ಎಂದು ಪುಟ ಪುಟವಾಗಿ ತೋರಿಸುವುದು. ನಡುವೆ ಒಂದೊಂದು ಊರಿನ ಚಿತ್ರ. ಪರದೆಯನ್ನು ನಡೆಸುವ ಚಿಪ್ಪಿಗೆ ತನ್ನದೆಂಬ ಮೆಮರಿ ಬಹಳ ಸಣ್ಣದು, ಎರಡು ಪುಟ ಕೂತರೆ ಅಲ್ಲಿಗೆ ಮುಗಿಯಿತು. ಅಲ್ಲಿ ಕೂತ ಚಿತ್ರ ಮಾತ್ರ ಅದರ ಕಣ್ಣಿಗೆ ಬೀಳುತ್ತದೆ. ಉಳಿದವೆಲ್ಲ ಆಚೆಯ ದೊಡ್ಡ ಮೆಮರಿಯಲ್ಲಿ ಸರದಿ ಕಾಯಬೇಕು. ಯಾವುದನ್ನು ಒಳಗೆ ಕರೆಯುವುದು, ಎಲ್ಲಿ ಕೂಡಿಸುವುದು, ಯಾವುದನ್ನು ಎಬ್ಬಿಸಿ ಕಳಿಸುವುದು ಎಂದು ನೋಡಿಕೊಳ್ಳುವ ಡ್ರೈವರ್ ಪ್ರೋಗ್ರಾಂ ಪೂರ್ತಿ ಸುಕನ್ಯಳದು. ಪರದೆ ನೋಡುತ್ತಿರುವ ಪುಟಕ್ಕೆ ಅವಳು ಒಂದು ಪಿನ್ ಹಾಕುತ್ತಾಳೆ. ಪಿನ್ ಇರುವ ತನಕ ಯಾರೂ ಅದನ್ನು ಕದಲಿಸುವಂತಿಲ್ಲ. ಹೊಸ ಪುಟ ಪಕ್ಕದ ಜಾಗದಲ್ಲಿ ಸಿದ್ಧವಾದ ಕೂಡಲೇ, ಇನ್ನು ಇದನ್ನು ನೋಡು ಎಂದು ಚಿಪ್ಪಿಗೆ ಹೇಳಿ, ಹಳೆಯದರ ಪಿನ್ ಕಿತ್ತು, ಅದನ್ನು ಎಬ್ಬಿಸಿ, ಆ ಜಾಗಕ್ಕೆ ಮೂರನೆಯದನ್ನು ಕರೆಯುತ್ತಾಳೆ. ಇಷ್ಟು ಇಕ್ಕಟ್ಟಿನಲ್ಲಿ ಇಷ್ಟೊಂದು ಪುಟಗಳನ್ನು ತಡೆಯಿಲ್ಲದೆ ಆಡಿಸುವುದು ಅವಳ ಹೆಮ್ಮೆ. ಒಂದು ಕ್ಷಣವೂ ಜಾಗ ಖಾಲಿ ಬಿಡುವುದಿಲ್ಲ, ಒಬ್ಬರು ಏಳುವುದರೊಳಗೆ ಇನ್ನೊಬ್ಬರು ಕೂತಿರುತ್ತಾರೆ. ಶೆಡ್ಡಿನಲ್ಲಿ ಒಂದೊಂದೇ ಪುಟ ಹಾಕಿ ನೋಡಿದಾಗ ಎಲ್ಲ ಸರಿಯಿತ್ತು. ಧಾರವಾಡದ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಏರಿಸಿ, ಬಸ್ಸುಗಳ ಮೇಲೆ ಬಸ್ಸು ಬಂದು ಪುಟಗಳು ಒಂದರ ಹಿಂದೊಂದು ನುಗ್ಗತೊಡಗಿದಾಗ ಪಟ್ಟಿ ಬಂತು.

ಶುಕ್ರವಾರ ಅವಳು ಪರದೆಯ ಕೆಳಗೆ ಕತ್ತು ಮೇಲೆತ್ತಿ ನಿಂತಿದ್ದಳು. ಕಂಬದ ಬುಡದಲ್ಲಿ ಪೇರಲಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂಡುವ ಚಾಂದಬಿ ಅವಳನ್ನೂ ಪರದೆಯನ್ನೂ ಬಹಳ ಹೊತ್ತು ನೋಡಿ, ಹಣ್ಣು ಕೊಳ್ಳಲು ಬಂದವರಿಗೆಲ್ಲ ಕೇಳುವಂತೆ ಹೇಳಿದ್ದಳು:

"ಅಕ್ಕಾರ, ನಿಮ್ಮ ಟೀವಿಗಿ ಬುಡಕ್ಕ ಚಳಿಜ್ವರ ಬಂದೈತೇನ್ರಿ? ತಲಿ ಛಲೋ ಐತಿ, ಕಾಲಷ್ಟ ನಡಗತಾವು."

ಸುತ್ತಲಿನವರು ನಕ್ಕರು. ಸುಕನ್ಯಳೂ ನಕ್ಕಳು, ಆದರೆ ಕಿವಿ ಬಿಸಿಯಾದವು. ಮಗ್ಗುಲಲ್ಲೇ ನಿಂತಿದ್ದ ಅರ್ಜುನಪ್ಪ ನಗಲಿಲ್ಲ. ಶೆಡ್ಡಿಗೆ ಮರಳುವಾಗ, ತಂಗೀ ನೀ ಬೇಜಾರ ಮಾಡ್ಕೋಬ್ಯಾಡ ಎಂದು ಶುರುಮಾಡಿ, ಸೋಮವಾರ ಸಾರಿಗೆಯ ಸಾಹೇಬರು ನೋಡಲು ಬರುತ್ತಾರೆ, ಅಷ್ಟರಲ್ಲಿ ನಡುಕ ನಿಲ್ಲದಿದ್ದರೆ ಪುಣೆಯಿಂದ ಸಿದ್ಧ ಡ್ರೈವರ್ ತರಿಸುವುದೇ ಸೈ, ಆಮೇಲೆ ನೀನು ಗಿರಾಕಿಗಳ ಫೋನು ನೋಡಿಕೊಂಡರಾಯಿತು, ನಿನ್ನ ಮಾತು ಮೃದು ಎಂದಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅದಕ್ಕೇ ಅದು ಇನ್ನೂ ಚುಚ್ಚುತ್ತಿತ್ತು. ಎರಡು ವರ್ಷ ಕೂತು ಕಟ್ಟಿದ್ದನ್ನು ಕಿತ್ತು, ಅಲ್ಲಿ ಮತ್ತೊಬ್ಬರದನ್ನು ಇಡುತ್ತಾರೆ. ಅವಳು ಇಟ್ಟ ಡಬ್ಬಿಯನ್ನು ಅತ್ತೆ ತೆಗೆದಿಡುವಷ್ಟೇ ಸಾವಕಾಶವಾಗಿ, ಬೇಜಾರು ಮಾಡಿಕೊಳ್ಳಬೇಡ ಎನ್ನುತ್ತ.

ನಿನ್ನೆಯೆಲ್ಲ ಅವಳು ಚಿತ್ರಗಳನ್ನೇ ತಿರುಗಾಮುರುಗಾ ನೋಡಿದ್ದಳು. ಚಿತ್ರಗಳಲ್ಲಿ ತಪ್ಪಿಲ್ಲ, ತಂತಿಯಲ್ಲಿ ತಪ್ಪಿಲ್ಲ. ಹಾಗಾದರೆ ತಪ್ಪು ತನ್ನಲ್ಲೇ. ಆದರೆ ತನ್ನಲ್ಲಿ ಎಲ್ಲಿ? ಇಂದು ಆದಿತ್ಯವಾರ. ಹೊರಗೆ ಗಂಡ ಬಸವಪ್ರಭು ಸ್ಕೂಟರಿಗೆ ನೀರು ಹೊಡೆಯುತ್ತ ಏನೋ ಗುನುಗುತ್ತಿದ್ದ. ಬದನೆಕಾಯಿ ಎಣ್ಣೆಗಾಯಿಯ ವಾಸನೆ ಮನೆ ತುಂಬಿತ್ತು. ಲೋಕದಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಊಟಕ್ಕೆ ಮಾವ ಮತ್ತು ಬಸವಪ್ರಭು ಎದುರುಬದುರು ಕೂತರು. ಮಾವ ಶಾಂತಯ್ಯ ಹತ್ತಿಯ ವ್ಯಾಪಾರ ಬಿಟ್ಟು ಮನೆಯಲ್ಲಿರುವವರು. ಈಗ ಅವರಿಗೆ ದಿನದ ದೊಡ್ಡ ಕೆಲಸವೆಂದರೆ ಪೂಜೆ ಮತ್ತು ಊಟ, ಎರಡನ್ನೂ ಒಂದೇ ನಿಧಾನದಿಂದ ಮಾಡುತ್ತಿದ್ದರು. ಅವರ ಮುಂದೆ ಮೂರು ಕಾಲಿನ ಅಡ್ಡಣಿಗೆ, ಅದರ ಮೇಲೆ ಕಂಚಿನ ತಾಟು. ಉಂಡಾದ ಮೇಲೆ ಅವರು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಅಂದುಕೊಳ್ಳುತ್ತಾರೆ. ಹಾಗೇ ತಂಬಿಗೆಯಿಂದ ತಾಟಿಗೆ ನೀರು ಹಾಕಿ, ಅಂಟಿದ ಅಗುಳನ್ನೆಲ್ಲ ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯುತ್ತಾರೆ. ಕುಡಿದು ತಂಬಿಗೆಯನ್ನು ಟಣ್ಣೆಂದು ನೆಲಕ್ಕಿಟ್ಟರೆ ಊಟ ಮುಗಿದಂತೆ. ತಾಟು ಎತ್ತುವುದು ಆಮೇಲೆ. ಬಂದ ಹೊಸದರಲ್ಲಿ ಬಸವಪ್ರಭು ಇದನ್ನು ಹೇಳಿದ್ದ, ಅವಳು ದಿನಾಲೂ ಕಂಡೂ ಇದ್ದಳು. ಅನ್ನ ಹಾಳಾಗಬಾರದೆಂಬ ಈ ಪದ್ಧತಿ ಅವಳಿಗೆ ಒಳಗೊಳಗೇ ಇಷ್ಟವೂ ಆಗಿತ್ತು.

ಆದರೆ ಅವಳ ಕೈಗೆ ಬೇರೆ ಪಾಠವಾಗಿತ್ತು. ಗರಗದ ಮನೆಯಲ್ಲಿ ಉಣ್ಣುವವರು ಹೆಚ್ಚು, ತಾಟು ಕಡಿಮೆ. ಹೊಲದಿಂದ ಬಂದವರು ಕೈ ತೊಳೆದು ಗೋಡೆಗೆ ಸಾಲಾಗಿ ಕೂತಿರುತ್ತಿದ್ದರು. ಒಬ್ಬರ ಕೈ ಬಾಯಿಂದ ಕೊನೆಯ ಸಲ ಇಳಿಯುವುದನ್ನೇ ಕಾದು ಅವ್ವ ರೇಣವ್ವ ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದಳು. ಸಣ್ಣ ಸುಕನ್ಯ ಹಾರಿ ಹೋಗಿ ತಾಟು ಎತ್ತಿ, ಬಚ್ಚಲಲ್ಲಿ ಎರಡು ಸಲ ಜಾಲಿಸಿ, ನೀರು ಸೋರುತ್ತಿರುವಂತೆಯೇ ಮುಂದಿನವರ ಮುಂದೆ ಇಡುತ್ತಿದ್ದಳು. ಯಾರೂ ಕಾಯುವ ಹಾಗೆ ಆಗಬಾರದು. ಅಪ್ಪ ಬೀರಪ್ಪ ಬಂದವರಿಗೆಲ್ಲ, ನಮ್ಮ ಸುಕನ್ಯಾನ ಕೈ ಬಾಳ ಚುರುಕು, ಇನ್ನೂ ಅಗಿಯಾಕತ್ತಿರತೇವಿ, ತಾಟು ಬಚ್ಚಲದಾಗ ಇರತೈತಿ ಎಂದು ನಗುತ್ತಿದ್ದ. ಹೊಗೆ, ಬೆವರು, ಒದ್ದೆ ತಾಟು, ಅಪ್ಪನ ನಗು. ಪುಟಗಳ ಮೇಲೆ ಪುಟ ಬರುತ್ತವೆ, ಜಾಗ ಎರಡೇ. ಪಟ್ಟಿ ಯಾವಾಗಲೂ ಕೆಳಗೇ ಏಕೆ ಬರುತ್ತದೆ? ತಲೆಯ ಮೇಲೆ ಏಕೆ ಬರುವುದಿಲ್ಲ? ಚಾಂದಬಿ ಹೇಳಿದ್ದು ಅದೇ ಅಲ್ಲವೇ, ತಲೆ ಚೆನ್ನಾಗಿದೆ, ಕಾಲಷ್ಟೇ... ಮಾವನ ಕೈ ಬಾಯಿಂದ ಇಳಿಯಿತು. ಸುಕನ್ಯ ಬಗ್ಗಿ ತಾಟು ಎತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದಳು.

ಶಾಂತಯ್ಯನವರು ಕಣ್ಣು ಮುಚ್ಚಿದ್ದರು. ಕಣ್ಣು ಮುಚ್ಚಿಕೊಂಡೇ ತಂಬಿಗೆ ಎತ್ತಿ, ದಿನದ ಹಾಗೆ, ದಿನದ ಜಾಗಕ್ಕೇ ನೀರು ಹಾಕಿದರು. ನೀರು ಬರಿಯ ಅಡ್ಡಣಿಗೆಯ ಮೇಲೆ ಬಿದ್ದು, ಅಂಚಿನಿಂದ ಸುತ್ತಲೂ ಇಳಿದು, ಅವರ ಧೋತರ ತೋಯಿಸಿ, ಬಸವಪ್ರಭುವಿನ ತಾಟಿನ ಕಡೆ ಹರಿಯತೊಡಗಿತು. ಅವರ ಬೆರಳುಗಳು ಅಡ್ಡಣಿಗೆಯ ಕೆತ್ತನೆಯ ಮೇಲೆ ಒಂದು ಸುತ್ತು ಅಗುಳು ಹುಡುಕಿ ನಿಂತವು. ಕಣ್ಣು ತೆರೆದರು. ಅಡ್ಡಣಿಗೆಯನ್ನೂ ಕೈಯನ್ನೂ ನೋಡಿಕೊಂಡರು.

"ಬಸವಪ್ರಭು, ತಾಟ ಎಲ್ಲಿ ಹೋತೋ?"

ಬಸವಪ್ರಭುವಿಗೆ ತುತ್ತು ನೆತ್ತಿಗೇರಿತು. ಕೆಮ್ಮುತ್ತ ಹೆಂಡತಿಯ ಕಡೆ ಬೊಟ್ಟು ಮಾಡಿದ. ಅವಳು ಬಾಗಿಲಲ್ಲಿ ತಾಟು ಹಿಡಿದುಕೊಂಡು ನಿಂತಿದ್ದಳು. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು, ನೆಲ ಒರೆಸುವ ಬಟ್ಟೆ ತಂದು ಒರೆಸತೊಡಗಿದರು. ಆ ಬೆನ್ನು. ಏನೂ ಅನ್ನದ ಆ ಬೆನ್ನಿನ ಎದುರು ನಿಂತು ಸುಕನ್ಯಳಿಗೆ ಗರಗ, ಹೊಗೆ, ಗೋಡೆಗೆ ಕೂತವರು, ಮದುವೆಯಾದಾಗ ಈ ಮನೆಯ ನೆಂಟರು ತನ್ನ ಕೈಯ ನೀರು ಕುಡಿಯಲು ಅರೆಕ್ಷಣ ತಡೆದದ್ದು, ಎಲ್ಲ ಒಟ್ಟಿಗೇ ನೆನಪಾದವು. ನನ್ನ ಕೈಗೆ ಇನ್ನೂ ಬುದ್ಧಿ ಬಂದಿಲ್ಲ. ಬರುವುದೂ ಇಲ್ಲ. ಅವಳ ಕಣ್ಣು ಅಡ್ಡಣಿಗೆಯ ಮೇಲೆಯೇ ಇತ್ತು. ನೀರು ಅದರ ಅಂಚಿನಿಂದ ಹನಿಹನಿಯಾಗಿ ಬೀಳುತ್ತಿತ್ತು. ಮಾವ ಕಣ್ಣು ಮುಚ್ಚಿ ಹಳೆಯ ಜಾಗವನ್ನೇ ನಂಬಿ ನೀರು ಹಾಕಿದರು. ಊಟ ಮುಗಿದಿತ್ತು, ಆದರೆ ಅವರು ಇನ್ನೂ ಮುಗಿಸಿರಲಿಲ್ಲ. ಮುಗಿದಿತ್ತು, ಮುಗಿಸಿರಲಿಲ್ಲ.

ಪರದೆಯೂ ಹಾಗೇ. ಚಿಪ್ಪು ಪುಟವನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲು ಓದುತ್ತ ಬರುತ್ತದೆ. ಇನ್ನು ಆ ಪುಟ ನೋಡು ಎಂದು ಹೇಳಿದರೆ ಹೂಂ ಎನ್ನುತ್ತದೆ. ಆದರೆ ಹಿಡಿದ ಪುಟದ ಕೊನೆಯ ಸಾಲಿನ ತನಕ ಹೋಗಿಯೇ ಆಮೇಲೆ ಹೊಸದಕ್ಕೆ ಕಣ್ಣು ಹೊರಳಿಸುತ್ತದೆ. ಹೂಂ ಎಂದದ್ದನ್ನೇ ಮುಗಿಯಿತು ಎಂದುಕೊಂಡು ಅವಳು ಹಳೆಯದರ ಪಿನ್ ಕಿತ್ತುಬಿಡುತ್ತಿದ್ದಳು. ಚಿಪ್ಪು ಇನ್ನೂ ಪುಟದ ಕಾಲಡಿಯ ಸಾಲು ಓದುತ್ತಿರುವಾಗಲೇ ಚುರುಕು ಕೈಯ ಸುಕನ್ಯ ತಾಟು ಎತ್ತಿ, ಜಾಲಿಸಿ, ಮೂರನೆಯವರನ್ನು ಕೂಡಿಸಿಬಿಡುತ್ತಿದ್ದಳು. ಪಾಪ, ಅದು ಅದೇ ಜಾಗಕ್ಕೆ ಬೆರಳಾಡಿಸುತ್ತಿತ್ತು. ಕೈಗೆ ಸಿಕ್ಕಿದ್ದು ಬೇರೆಯವರ ಸೀರೆಯ ಅಂಚು.

ಅವಳಿಗೆ ನಗು ಬಂತು. ತಡೆಯಲು ತುಟಿ ಕಚ್ಚಿದಳು. ಆಗಲಿಲ್ಲ. ತಾಟನ್ನು ಎದೆಗೆ ಅವುಚಿಕೊಂಡು, ಎಣ್ಣೆಗಾಯಿಯ ಎಣ್ಣೆ ಕುಪ್ಪಸಕ್ಕೆ ಅಂಟುತ್ತಿದ್ದರೂ ಗೊತ್ತಿಲ್ಲದೆ, ಬಾಗಿಲ ಚೌಕಟ್ಟಿಗೆ ಒರಗಿ ನಗತೊಡಗಿದಳು. ಅತ್ತೆ ಒರೆಸುವುದನ್ನು ನಿಲ್ಲಿಸಿ ತಲೆ ಎತ್ತಿದರು. ಆರು ತಿಂಗಳಲ್ಲಿ ಮೊದಲನೆಯ ಸಲ ಗಟ್ಟಿಯಾಗಿ ಅಂದರು:

"ನಗೂ ಮಾತೇನ ಇದು?"

"ಅಲ್ಲರಿ ಅತ್ಯಾರ... ತಪ್ಪಾತ್ರಿ ಮಾವಾರ. ಖರೇನ ತಪ್ಪಾತು. ನಾ ಅಲ್ಲೂ ಇದನ್ನ ಮಾಡೇನ್ರಿ."

"ಎಲ್ಲಿ?" ಎಂದರು ಶಾಂತಯ್ಯ.

"ಬಸ್‌ಸ್ಟ್ಯಾಂಡಿನ ಪರದೆದಾಗ್ರಿ. ಅದು ನೀರ ಕುಡಿಯೂದ್ರಾಗ ತಾಟ ಎತ್ತಾಕತ್ತೇನಿ."

ಮೂವರೂ ಅವಳನ್ನು ನೋಡಿದರು. ಬಸವಪ್ರಭು ಕೆಮ್ಮು ನಿಲ್ಲಿಸಿ, ತನಗೇನೋ ತಿಳಿದವನಂತೆ ಮುಖ ಮಾಡಿ, ತಿಳಿಯದೆ ಅಪ್ಪನ ಕಡೆ ತಿರುಗಿದ. ಶಾಂತಯ್ಯ ಒದ್ದೆ ಧೋತರ ಹಿಂಡಿಕೊಳ್ಳುತ್ತ ಸ್ವಲ್ಪ ಹೊತ್ತು ವಿಚಾರ ಮಾಡಿದರು. ಹತ್ತಿ ತುಂಬಿದ ಅಂಡಿಗೆಯ ಚೀಲದೊಳಗೆ ಕೈ ಹಾಕಿ ಒಳಗಿನ ತೇವ ಅಂದಾಜು ಮಾಡುವಾಗಲೂ ಅವರು ಹೀಗೇ ಕೂಡುತ್ತಿದ್ದರಂತೆ. ಕೊನೆಗೆ ಕೈ ನೀಡಿ ತಾಟು ಕೇಳಿದರು. ಅವಳು ತಂದು ಅಡ್ಡಣಿಗೆಯ ಮೇಲಿಟ್ಟಳು. ನೀರು ಹಾಕಿ, ತೊಳೆದು, ಕುಡಿದು, ತಂಬಿಗೆಯನ್ನು ಟಣ್ಣೆಂದು ಇಟ್ಟರು. ಆ ಸದ್ದು! ಇದೇ ಅಲ್ಲವೇ, ಕೊನೆಯ ಸಾಲು ಮುಗಿದಾಗ ಚಿಪ್ಪು ಪ್ರತಿ ಸಲ ಮಾಡುವ ಸಣ್ಣ ಸನ್ನೆ, ಬೇಡದ್ದೆಂದು ತಾನು ಎರಡು ವರ್ಷ ಕೇಳಿಸಿಕೊಳ್ಳದೆ ಬಿಟ್ಟದ್ದು?

"ಈಗ ಎತ್ತು," ಎಂದರು ಮಾವ. "ಎತ್ತಿ, ಹೋಗು. ಅಲ್ಲಿ ಯಾರರೆ ಕಾಯಾಕತ್ತಿದ್ದಾರು."

ಉಂಡಾದರೂ ಹೋಗಬಾರದೇ ಎಂದು ಅತ್ತೆ ಹಿಂದಿನಿಂದ ಅಂದದ್ದು ಅವಳಿಗೆ ಗೇಟಿನ ಹತ್ತಿರ ಕೇಳಿಸಿತು. ಆದರೆ ಕಾಲು ನಿಲ್ಲಲಿಲ್ಲ.

ಧಾರವಾಡದ ಬಸ್ಸು ನವನಗರ ದಾಟುವಾಗ ಕಿಟಕಿಯ ಗಾಳಿಗೆ ಕಣ್ಣು ತುಂಬಿದವು. ಗಾಳಿಗೇ ಎಂದುಕೊಂಡಳು. ಹಾಗಾದರೆ ಅವ್ವ ಕಲಿಸಿದ್ದು ತಪ್ಪೇ? ಚುರುಕು ಕೈ ತಪ್ಪೇ? ಅಲ್ಲ. ಗೋಡೆಗೆ ಕೂತವರ ಹಸಿವು ಸುಳ್ಳಲ್ಲ, ಜಾಗ ಎರಡೇ ಇರುವುದೂ ಸುಳ್ಳಲ್ಲ. ಲಗೂ ಎತ್ತಬೇಕು, ಆದರೆ ಟಣ್ ಎಂದ ಮೇಲೆ ಲಗೂ ಎತ್ತಬೇಕು. ಎರಡೂ ಮನೆಗಳು ಸೇರಿದರೇನೇ ತನ್ನ ಡ್ರೈವರ್ ಪ್ರೋಗ್ರಾಂ ಸರಿಯಾಗುವುದು. ಮುಂದಿನ ಸೀಟಿನ ಮಗು ತಾಯಿಯ ಹೆಗಲ ಮೇಲಿನಿಂದ ಅವಳನ್ನೇ ನೋಡುತ್ತಿತ್ತು. ಅದಕ್ಕೆ ಕಣ್ಣು ಮಿಟುಕಿಸಿದಳು. ಕುಪ್ಪಸದ ಮೇಲೆ ತಾಟಿನ ಗುಂಡನೆಯ ಎಣ್ಣೆ ಗುರುತು ಮೂಡಿದ್ದು ಆಗ ಕಂಡಿತು. ಸೆರಗು ಎಳೆದುಕೊಂಡಳು, ಮತ್ತೆ ನಗು ಬಂತು.

ಶೆಡ್ಡಿನ ಕಾವಲಿನ ಶಿದ್ದಪ್ಪ ಬಾಗಿಲು ತೆರೆದು, ಆದಿತ್ಯವಾರ ಸುದ್ದಾ ಬಿಡೂದಿಲ್ಲಲ್ಲ ಇವರು ಎಂದು ಗೊಣಗಿ ಬೀಡಿ ಹಚ್ಚಿದ. ಬರೆಯಬೇಕಾದದ್ದು ಬಹಳವೇನೂ ಇರಲಿಲ್ಲ. ಪಿನ್ ಕೀಳುವ ಸಾಲನ್ನು ಅಲ್ಲಿಂದ ತೆಗೆದು, ಚಿಪ್ಪಿನ ಸನ್ನೆ ಬಂದ ಮೇಲೆ ಓಡುವ ಕಡೆ ಇಟ್ಟಳು. ಮೂರನೆಯ ಪುಟ ಅಲ್ಲಿಯ ತನಕ ಬಾಗಿಲಲ್ಲಿ ಕಾಯುವಂತೆ ಮಾಡಿದಳು. ಎತ್ತಿ ಇಟ್ಟ ಆ ಸಾಲನ್ನು ನೋಡುವಾಗ ತನ್ನ ಕೈ ಅತ್ತೆಯ ಕೈಯಂತೆ ಕಂಡಿತು. ಡಬ್ಬಿಯನ್ನು ಅದರ ಜಾಗದಲ್ಲಿ ಇಡುವುದು. ಬೈಗುಳವಲ್ಲ ಅದು, ಅಲ್ಲಿಟ್ಟರೆ ಕತ್ತಲಲ್ಲೂ ಕೈಗೆ ಸಿಗುತ್ತದೆ ಎಂದಷ್ಟೇ ಇರಬಹುದೇ? ಇರಬಹುದು, ಇರಲಿಕ್ಕಿಲ್ಲ. ಹೊಸ ಪ್ರೋಗ್ರಾಂ ತುಂಬಿದ ಕಾರ್ಡನ್ನು ಪರ್ಸಿಗೆ ಹಾಕಿಕೊಂಡು ಎದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಸಂತೆಯಂಥ ಗದ್ದಲ. ಪರದೆಯ ಪೆಟ್ಟಿಗೆಯ ಬೀಗ ತೆಗೆದು ಕಾರ್ಡು ಬದಲಿಸಿ, ಮತ್ತೆ ಚಾಲೂ ಮಾಡಿ, ಕಂಬದ ಎದುರಿನ ಕಟ್ಟೆಯ ಹತ್ತಿರ ಹೋಗಿ ನಿಂತಳು. ಸವದತ್ತಿ. ಹಳಿಯಾಳ. ಕಲಘಟಗಿ. ಕೆಳಗಿನ ಅಂಚಿನ ಮೇಲೆ ಕಣ್ಣು ನೆಟ್ಟಳು. ರೆಪ್ಪೆ ಬಡಿದಾಗಲೇ ಬಂದು ಹೋಯಿತೇನೋ ಎಂಬ ಅಂಜಿಕೆಗೆ ಕಣ್ಣು ಉರಿಯುವ ತನಕ ತೆರೆದೇ ಇಟ್ಟಳು. ಬಸ್ಸುಗಳ ಹಿಂದೆ ಬಸ್ಸು ಬಂದವು, ಪುಟಗಳು ನುಗ್ಗಿದವು, ಅಂಚು ಮಾತ್ರ ಒರೆಸಿಟ್ಟ ನೆಲದ ಹಾಗೆ ಸುಮ್ಮನಿತ್ತು. ನೆರಳು ಉದ್ದವಾಗುವ ತನಕ ನಿಂತಿದ್ದಳು. ಚಾಂದಬಿ ಬುಟ್ಟಿ ಸರಿಸಿ ಮೇಲೆ ನೋಡಿದಳು, ಮತ್ತೆ ನೋಡಿದಳು.

"ಜ್ವರ ಬಿಟ್ಟಾಂಗ ಕಾಣತೈತಿ ಅಕ್ಕಾರ. ಯಾವ ಡಾಕ್ಟರ ನೋಡಿದ?"

"ನಮ್ಮ ಮಾವಾರ," ಎಂದಳು ಸುಕನ್ಯ.

ಅರ್ಜುನಪ್ಪನವರಿಗೆ ಫೋನು ಮಾಡಿದಳು. ಖರೇ ನಿಂತೈತೇನು ಎಂದು ಮೂರು ಸಲ ಕೇಳಿದರು. ಆಮೇಲೆ, ಹಂಗಾದ್ರ ಪುಣೆದವರಿಗೆ ಬ್ಯಾಡ ಅಂತ ಹೇಳಲೇನು ಎಂದರು. ಹೇಳ್ರಿ ಸರ್, ಇವತ್ತ ಹೇಳ್ರಿ ಎಂದಳು. ತನ್ನ ದನಿ ಮೃದುವಾಗಿರಲಿಲ್ಲವೆಂಬುದು ಅವಳಿಗೇ ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು.

ಫೋನು ಇಟ್ಟು ತಿರುಗಿದರೆ ಜನರ ನಡುವೆ ಒಂದು ಬಿಳಿಯ ಧೋತರ, ಮಡಿಯಾಗಿ ಇಸ್ತ್ರಿ ಮಾಡಿದ್ದು, ಸಾವಕಾಶವಾಗಿ ಬರುತ್ತಿತ್ತು. ಅದರ ಹಿಂದೆ ಇಳಕಲ್ ಸೀರೆಯ ಅತ್ತೆ, ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಅವರ ಹಿಂದೆ ಬಸವಪ್ರಭು. ಇವರು ಕೇಳಲಿಲ್ಲ, ನೋಡಬೇಕಂತ ಹೊಂಟೇ ಬಿಟ್ರು ಎಂದು ಅವನು ಅಪ್ಪನ ಬೆನ್ನ ಹಿಂದಿನಿಂದ ಕೈಸನ್ನೆಯಲ್ಲೇ ಹೇಳಿದ. ಶಾಂತಯ್ಯ ಸೊಸೆಯೊಡನೆ ಮಾತಾಡದೆ ನೇರ ಪರದೆಯ ಕೆಳಗೆ ಹೋಗಿ, ಕೈ ಹಿಂದೆ ಕಟ್ಟಿ, ಕತ್ತು ಎತ್ತಿ ನಿಂತರು. ಪುಟ ಬದಲಾಯಿತು. ಇನ್ನೊಂದು ಬದಲಾಯಿತು. ಅವರು ಕೆಳಗಿನ ಅಂಚನ್ನೇ ನೋಡುತ್ತಿದ್ದರೆಂಬುದು ಅವರ ಗದ್ದ ವಾಲಿದ್ದ ರೀತಿಯಿಂದ ಅವಳಿಗೆ ತಿಳಿಯಿತು.

"ನೀರ ಕುಡೀತೇನವಾ ಅದು?"

"ಕುಡೀತ್ರಿ ಮಾವಾರ. ಈಗ ಕುಡದ ಮ್ಯಾಲೇನ ಎತ್ತತೇನಿ."

"ಕಣ್ಣ ಮುಚ್ಚಿದ್ರೂ?"

"ಕಣ್ಣ ಮುಚ್ಚಿದ್ರೂ ರಿ."

ಅವರು ತಲೆದೂಗಿದರು. ಚಾಂದಬಿ, ಡಾಕ್ಟರ ಸಾಹೇಬ್ರು ಇವರೇ ಏನ್ರಿ ಎಂದು ಕೇಳಿ, ಒಂದು ಪೇರಲಹಣ್ಣು ಆರಿಸಿ ಅವರ ಕೈಗೆ ಕೊಟ್ಟಳು. ಯಾವ ಡಾಕ್ಟರು ಎಂದು ತಿಳಿಯದೆಯೇ ಅವರು ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು.

ಅತ್ತೆ ಕಟ್ಟೆಯ ಮೇಲೆ ಜಾಗ ಒರೆಸಿ, ಡಬ್ಬಿಯ ಗಂಟು ಬಿಚ್ಚಿದರು. ಮುಚ್ಚಳವನ್ನು ತಾಟಿನಂತೆ ಅಂಗಾತ ಇಟ್ಟು, ಅದರಲ್ಲಿ ರೊಟ್ಟಿ, ಎಣ್ಣೆಗಾಯಿ, ಒಂದು ಮೂಲೆಗೆ ಶೇಂಗಾ ಚಟ್ನಿ, ಪ್ರತಿಯೊಂದನ್ನೂ ಅದರದರ ಕಡೆ ಬಡಿಸಿದರು.

"ಉಣ್ಣಲಾರದ ಎದ್ದು ಬಂದಿ. ಕೂಡು."

ಸುಕನ್ಯ ಕೂತಳು. ಆ ಮನೆಯಲ್ಲಿ ಅವಳು ಯಾವಾಗಲೂ ಕೊನೆಗೆ, ಒಲೆಯ ಮಗ್ಗುಲಲ್ಲಿ, ಯಾರಾದರೂ ಕರೆದಾರು ಎಂದು ಅರ್ಧ ಎದ್ದವಳಂತೆ ಉಣ್ಣುತ್ತಿದ್ದಳು. ಇಲ್ಲಿ ಊರೆಲ್ಲ ಎದುರಿಗೆ ಓಡಾಡುತ್ತಿತ್ತು. ಕಂಡಕ್ಟರುಗಳು ಕೂಗುತ್ತಿದ್ದರು. ರೊಟ್ಟಿಯ ಒಂದು ಮಗ್ಗುಲು ಕಪ್ಪಾಗಿತ್ತು. ಬೆಳಿಗ್ಗೆ ತಾನು ಸುಟ್ಟದ್ದೇ. ಅಷ್ಟು ರುಚಿಯಾದ ರೊಟ್ಟಿಯನ್ನು ಅವಳು ತಿಂದು ಎಷ್ಟು ಕಾಲವಾಗಿತ್ತೋ. ಗರಗದ ಪುಟ ಬಂತು, ಅಪ್ಪನ ಹೊಲದ ಕಡೆಯ ದಾರಿಯ ಚಿತ್ರದೊಂದಿಗೆ, ತಲೆಯಿಂದ ಕಾಲಿನ ತನಕ ಸ್ವಚ್ಛವಾಗಿ ನಿಂತು, ತನ್ನ ಹೊತ್ತು ಮುಗಿಸಿಯೇ ಹೋಯಿತು. ಕೊನೆಯ ತುತ್ತು ನುಂಗಿ, ಏಕೆಂದು ತಿಳಿಯದೆ, ಅವಳು ಬಾಟಲಿಯ ನೀರನ್ನು ಮುಚ್ಚಳಕ್ಕೆ ಹಾಕಿ, ಬೆರಳಿನಿಂದ ಅಂಟಿದ್ದನ್ನೆಲ್ಲ ತೊಳೆದು, ಎರಡೂ ಕೈಯಲ್ಲಿ ಎತ್ತಿ ಕುಡಿಯತೊಡಗಿದಳು. ಎಣ್ಣೆಯ, ಉಪ್ಪಿನ, ಚಟ್ನಿಯ ಖಾರದ ನೀರು.

ಅಷ್ಟರಲ್ಲಿ ಡಬ್ಬಿ ಕಟ್ಟಲೆಂದು ಮುಚ್ಚಳದ ಕಡೆ ಚಾಚಿದ್ದ ಅತ್ತೆಯ ಕೈ ಅರ್ಧದಲ್ಲೇ ನಿಂತಿತು.

"ಆತೇನು?"

"ಇನ್ನೊಂದ ಗುಟುಕ ಐತ್ರಿ."

ಸಂಗವ್ವ ಕೈಯನ್ನು ಹಿಂದೆ ತೆಗೆದು ಮಡಿಲಲ್ಲಿಟ್ಟುಕೊಂಡು, ಪರದೆಯ ಕಡೆ ಮುಖ ಮಾಡಿ, ಕಾಯುತ್ತ ಕೂತರು.